ದಂಡೆಗೆ ಹತ್ತಿರದ ಆಳ

ಹೋದ ತಿಂಗಳು ಒಬ್ಬರು ನನ್ನ ಮನೆ ಹುಡುಕಿಕೊಂಡು ಬಂದರು. ನಮ್ಮ ಬಂದರು ಖಾತೆಯವರೇ, ಘಟ್ಟದ ಮೇಲಿನವರು, ನಿವೃತ್ತಿಗೆ ಇನ್ನು ಕೆಲವೇ ತಿಂಗಳು. ಚಹಾ ಕುಡಿದು, ನನ್ನ ಮೊಣಕಾಲು ನೋವಿನ ವಿಚಾರ ಕೇಳಿ, ಆಮೇಲೆ ಮೆಲ್ಲಗೆ ವಿಷಯಕ್ಕೆ ಬಂದರು. ಕಡಲ ಹತ್ತಿರ ಒಂದು ತುಂಡು ಜಾಗ ಬೇಕಂತೆ. ಜಗಲಿಯಿಂದ ಇಳಿದು ನಾಲ್ಕು ಹೆಜ್ಜೆ ಹೋದರೆ ಗಾಳ ಹಾಕುವಂತಿರಬೇಕು, ದೋಣಿ ಗೀಣಿ ಬೇಡ, ದಂಡೆಯ ಮೇಲೆ ಕೂತಲ್ಲೇ ಮೀನು ಸಿಗಬೇಕು. "ಭಟ್ಕಳದಿಂದ ತದಡಿಯವರೆಗೆ ನೀರಿನ ಅಡಿ ನೋಡಿದವರು ನೀವು. ನೀವು ಬೆರಳು ತೋರಿಸಿದಲ್ಲಿ ಕಣ್ಣು ಮುಚ್ಚಿ ಕೊಂಡುಬಿಡುತ್ತೇನೆ" ಎಂದರು. ನನಗೆ ಗೊತ್ತಿಲ್ಲ ಎಂದೆ. ಮತ್ತೆ ಕೇಳಿದರು. ಗೊತ್ತಿದ್ದರೂ ಹೇಳುವುದಿಲ್ಲ ಎಂದೆ. ಮುಖ ಸಣ್ಣದು ಮಾಡಿಕೊಂಡು ಹೋದರು. ಮನೆಗೆ ಬಂದವರಿಗೆ ಹಾಗೆ ಹೇಳುತ್ತಾರೆಯೇ ಎಂದು ನನ್ನ ಹೆಂಡತಿ ಎರಡು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

ಅವರಿಗೆ ಹೇಳದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಖಾತೆಗೆ ಹೊಸದಾಗಿ ಸೇರುವವರು ಓದಲಿ ಎಂಬ ಆಸೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ತಡೆದರು ಎಂಬುದೆಲ್ಲ ಸರ್ವಿಸ್ ಪುಸ್ತಕದಲ್ಲಿ ಇದೆ. ಅದನ್ನು ಓದಲು ನನಗೇ ಬೇಜಾರು, ನಿಮಗೆ ಯಾಕೆ ಆ ಶಿಕ್ಷೆ?

ನಾನು ಹರಿಕಂತ್ರರವನು. ಅಪ್ಪ, ಅಜ್ಜ ಬಲೆ ಎಳೆದು ಬದುಕಿದವರು. ನಾನು ಹೇಗೋ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದೆ, ಆ ಕಾಗದದ ಬಲದಿಂದ ಬಂದರು ಕಚೇರಿಯಲ್ಲಿ ಅಳತೆ ನೌಕರನಾದೆ. ಆಗ ನಾವು ಮುಂಬೈ ಪ್ರಾಂತಕ್ಕೆ ಸೇರಿದ್ದೆವು, ಕಾಗದಪತ್ರದಲ್ಲಿ ಮರಾಠಿ, ಬೈಗುಳದಲ್ಲಿ ಕನ್ನಡ, ಮೀನಿನ ಚೌಕಾಸಿಯಲ್ಲಿ ಕೊಂಕಣಿ. ಕೆಲಸ ಇಷ್ಟೇ. ಪ್ರತಿ ಮಳೆಗಾಲ ಮುಗಿಯುವಷ್ಟರಲ್ಲಿ ಹೊಳೆ ಕಡಲಿಗೆ ಸೇರುವ ಅಳಿವೆಯಲ್ಲಿ ಮರಳು ಜಾಗ ಬದಲಾಯಿಸಿರುತ್ತದೆ. ಹೋದ ವರ್ಷ ಹಂಚು ತುಂಬಿದ ಹಾಯಿದೋಣಿ, ನಮ್ಮ ಮಾತಿನಲ್ಲಿ ಮಚವೆ, ಸಲೀಸಾಗಿ ಬಂದ ದಾರಿಯಲ್ಲಿ ಈ ವರ್ಷ ಕೊಕ್ಕರೆ ನಿಂತಿರುತ್ತದೆ. ದೋಣಿಯಲ್ಲಿ ಹೋಗಿ ಆಳ ಅಳೆದು, ಹೊಸ ದಾರಿ ಹುಡುಕಿ, ಎರಡೂ ಬದಿಗೆ ಕಂಬ ನೆಟ್ಟು, ಅಂಕಿಗಳನ್ನು ಪುಸ್ತಕದಲ್ಲಿ ಬರೆದು ಸಾಹೇಬರ ಸಹಿ ಹಾಕಿಸುವುದು. ಭಟ್ಕಳ, ಹೊನ್ನಾವರ, ಕುಮಟೆ ಕಡೆಯ ತದಡಿ, ಈ ಮೂರು ನಮ್ಮ ಸುತ್ತು.

ಸಾಧನ ಒಂದೇ, ಹಗ್ಗಕ್ಕೆ ಕಟ್ಟಿದ ಸೀಸದ ಗುಂಡು. ಹಗ್ಗಕ್ಕೆ ಒಂದೊಂದು ಮಾರಿಗೆ ಚರ್ಮದ ತುಂಡೋ ಕೆಂಪು ಬಟ್ಟೆಯೋ ಗುರುತು. ಗುಂಡಿನ ಅಡಿಯಲ್ಲಿ ಒಂದು ಕುಳಿ, ಅದಕ್ಕೆ ಕೊಬ್ಬು ಮೆತ್ತುತ್ತಿದ್ದೆವು. ಗುಂಡು ತಳ ಮುಟ್ಟಿದಾಗ ಅಲ್ಲಿರುವುದು ಕೊಬ್ಬಿಗೆ ಅಂಟಿಕೊಂಡು ಮೇಲೆ ಬರುತ್ತದೆ, ಮರಳೋ, ಕೆಸರೋ, ಚಿಪ್ಪಿನ ಚೂರೋ. ಈ ವಿದ್ಯೆ ನನಗೆ ಕಲಿಸಿದವರು ದೇವು ತಾಂಡೇಲ, ನಮ್ಮ ಅಳತೆ ದೋಣಿಯ ಯಜಮಾನರು. ಅಕ್ಷರ ಬರದ ಮನುಷ್ಯ. ನಾನು ಮೊದಲ ದಿನ ಗುಂಡು ಎತ್ತಿದ ಕೂಡಲೇ ಅಂಕಿ ಬರೆಯಲು ಹೋದಾಗ ಅವರು ನನ್ನ ಕೈಯಿಂದ ಪೆನ್ಸಿಲು ಕಿತ್ತುಕೊಂಡರು.

"ಅಂಕಿ ಎಂತ ಓಡಿ ಹೋಗ್ತದ್ಯೋ? ಮೊದ್ಲು ಅಡಿ ನೋಡು. ಹಗ್ಗ ಎಷ್ಟು ಅಂತ ಹೇಳ್ತದೆ, ಕೊಬ್ಬು ಎಂತ ಅಂತ ಹೇಳ್ತದೆ. ಎಷ್ಟು ಅನ್ನೂದಕ್ಕಿಂತ ಎಂತ ಅನ್ನೂದು ದೊಡ್ಡದು."

ಮರಳು ಅಂಟಿದರೆ ಅಲ್ಲಿ ಹೊಳೆ ಮರಳು ತಂದು ಹಾಕುತ್ತಿದೆ ಎಂದರ್ಥ. ಕೊಬ್ಬು ಬೋಳಾಗಿ ಬಂದು ಅದರ ಮೇಲೆ ಗಟ್ಟಿ ಜೇಡಿಯ ಗೆರೆ ಮಾತ್ರ ಇದ್ದರೆ ಹೊಳೆ ಅಲ್ಲಿ ಕೆರೆದು ತಿನ್ನುತ್ತಿದೆ ಎಂದರ್ಥ. ಅವರು ಇದನ್ನು ಒಂದು ಸಲ ಹೇಳಿದರು, ಎರಡನೇ ಸಲ ಹೇಳಿಸಿಕೊಂಡವನನ್ನು ದೋಣಿಯಿಂದ ಇಳಿಸುತ್ತಿದ್ದರು.

ನನ್ನ ಮೊದಲ ಮೇಲಧಿಕಾರಿಯ ಬಗ್ಗೆ ಹೆಚ್ಚು ಹೇಳಲು ಏನೂ ಇಲ್ಲ. ಅವರಿಗೆ ದೋಣಿ ಹತ್ತಿದರೆ ಹೊಟ್ಟೆ ತೊಳಸುತ್ತಿತ್ತು. ಹೋದ ವರ್ಷದ ಅಂಕಿಗಳನ್ನು ಅಲ್ಲಿ ಇಲ್ಲಿ ತಿದ್ದಿ ನಕಲು ಮಾಡು ಎನ್ನುತ್ತಿದ್ದರು. ನಾನು ಹರೆಯದ ಜಂಬದಲ್ಲಿ, ಸುಳ್ಳು ಅಂಕಿ ಬರೆಯಲಾರೆ ಎಂದು ಅವರೆದುರು ನಿಂತು ಹೇಳಿದ್ದೆ. ಬರೆಯುವಾಗ ನಾಚಿಕೆಯಾಗುತ್ತದೆ, ಆದರೂ ಹೇಳಿದ್ದು ಹೌದು. ಯುದ್ಧ ಶುರುವಾದ ಮೇಲೆ ಅವರು ವರ್ಗವಾಗಿ ಹೋದರು, ಅವರ ಜಾಗಕ್ಕೆ ಜಾಧವ ಸಾಹೇಬರು ಬಂದರು.

ಬೆಳಗಾವಿ ಕಡೆಯ ಹಳ್ಳಿಯವರು. ನಲವತ್ತು ದಾಟುವವರೆಗೆ ಕಡಲು ನೋಡಿದವರಲ್ಲ. ದೊಡ್ಡ ಮೀಸೆ, ಸಣ್ಣ ದನಿ. ಬಂದ ವಾರವೇ ನಮ್ಮ ದೋಣಿ ಹತ್ತಿ, ಹಗ್ಗ ಹಿಡಿದು, ಸ್ವತಃ ಗುಂಡು ಎಸೆದು ಮೈಯೆಲ್ಲ ಒದ್ದೆ ಮಾಡಿಕೊಂಡರು. ಗುಂಡಿನ ಅಡಿಯ ಮರಳನ್ನು ಮೂಸಿ ನೋಡಿದರು. ದೇವು ತಾಂಡೇಲರು ನನ್ನ ಕಡೆ ತಿರುಗಿ, "ಈ ಸಾಯೇಬ ಆಗ್ತ" ಎಂದರು. ಅವರ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ನನ್ನ ದೊಡ್ಡ ಎಡವಟ್ಟು ಆದದ್ದು ಭಟ್ಕಳದಲ್ಲಿ, ಅವರು ಬಂದ ಮೇಲೆ. ಯುದ್ಧದಿಂದಾಗಿ ಕಡಲತೀರದ ದೀಪಗಳನ್ನೆಲ್ಲ ಆರಿಸಿದ್ದರು, ಹಾಗಾಗಿ ಹಗಲು ಕಾಣುವ ಕಂಬಗಳೇ ಗತಿ. ನನಗೆ ಸಣ್ಣ ಜ್ವರ, ಬೇಗ ಮುಗಿಸುವ ಆತುರ. ಒಂದು ಕಂಬವನ್ನು ದಾರಿಯ ಅಂಚಿಗೆ ನೆಡುವ ಬದಲು ಮರಳದಿಣ್ಣೆಯ ಆಚೆಬದಿಗೆ ನೆಟ್ಟೆ. ಮರುದಿನ ಅಕ್ಕಿ ತುಂಬಿದ ಮಚವೆಯೊಂದು ನನ್ನ ಕಂಬವನ್ನು ನಂಬಿ ಬಂದು ದಿಣ್ಣೆಗೆ ಕೂತಿತು. ರೇಷನ್ನಿನ ಕಾಲ, ಅಕ್ಕಿಗಾಗಿ ಜನ ಬಾಯಿ ಬಿಡುತ್ತಿದ್ದರು. ಅರ್ಧ ಸರಕು ನೀರು ಕುಡಿಯಿತು. ಮಚವೆ ನಡೆಸುವ ನಾಖುದಾ ಭಟ್ಕಳದ ನವಾಯತ ಹಿರಿಯರು, ಸೊಂಟದವರೆಗೆ ಒದ್ದೆಯಾಗಿ ಕಚೇರಿಗೆ ಬಂದರು. ಕೂಗಲಿಲ್ಲ.

"ಮಾರಾಯ, ಇಷ್ಟು ವರ್ಷ ನನ್ನ ಕಣ್ಣು ನಂಬಿದ್ದೆ. ಈ ಸಲ ನಿನ್ನ ಕಂಬ ನಂಬಿದೆ. ನಂಬೂದು ತಪ್ಪು ಅಂತ ನೀನೇ ಹೇಳು, ನಾನು ಹೋಗ್ತೇನೆ" ಎಂದರು.

ನನ್ನ ಕೆಲಸ ಹೋಗಬೇಕಿತ್ತು. ಜಾಧವ ಸಾಹೇಬರು ತಮ್ಮ ಅಪ್ಪಣೆಯ ಮೇಲೆಯೇ ಕಂಬ ಅಲ್ಲಿ ನೆಟ್ಟದ್ದೆಂದು ಮೇಲಿನವರಿಗೆ ಬರೆದು, ಬೈಗುಳವನ್ನು ತಾವೇ ತಿಂದರು. ನಾನು ಅವರ ಕಾಲು ಮುಟ್ಟಲು ಹೋದೆ. "ಏಳಪಾ, ಏಳು. ಜ್ವರಾ ಇದ್ದಾಗ ದೋಣಿ ಹತ್ತಬ್ಯಾಡ ಅಂತ ನಾ ಹೇಳಬೇಕಿತ್ತು, ಹೇಳಲಿಲ್ಲ. ಅಷ್ಟs" ಎಂದರು. ಆ ದಿನದಿಂದ ಅವರು ಹೇಳಿದರೆ ಬೆಂಕಿಗೂ ಬೀಳುತ್ತೇನೆ ಎಂದುಕೊಂಡೆ. ಬಿದ್ದದ್ದು ನಾನಲ್ಲ.

ಗಾಳ ಹಾಕುವುದನ್ನು ಅವರಿಗೆ ಕಲಿಸಿದವನು ನಾನೇ. ಊರಿಗೆ ಹೊರಟ ಒಬ್ಬ ಬಿಳಿಯ ಅಧಿಕಾರಿಯಿಂದ ಹಿತ್ತಾಳೆ ರಾಟೆಯ ಬಿದಿರು ಕೋಲೊಂದನ್ನು ಅವರು ಕೊಂಡಿದ್ದರು, ಹಿಡಿಯುವುದು ಹೇಗೆಂದು ಗೊತ್ತಿರಲಿಲ್ಲ. ಶೆಟ್ಲಿ ಅಂದರೆ ಸೀಗಡಿಯನ್ನು ಜೀವಂತ ಸಿಕ್ಕಿಸುವುದು, ಭರತ ಅಂದರೆ ಉಬ್ಬರ ತಿರುಗುವ ಹೊತ್ತಿಗೆ ಕಾಯುವುದು, ಕಾಣೆ ಮೀನು ಕಚ್ಚಿದರೆ ಹೇಗೆ, ದೊಡ್ಡದು ಕಚ್ಚಿದರೆ ಹೇಗೆ, ಎಲ್ಲ ಹೇಳಿಕೊಟ್ಟೆ. ಹುಚ್ಚು ಹಿಡಿಯಿತು ಅವರಿಗೆ. ರಜೆಯ ದಿನ ಬಂದರೆ ಬೆಳಗ್ಗೆ ಆರಕ್ಕೆ ನನ್ನ ಬಾಗಿಲಿಗೆ ಬರುತ್ತಿದ್ದರು. ನಮ್ಮವರಲ್ಲಿ ಮೀನು ಹಿಡಿಯುವುದು ಹೊಟ್ಟೆಪಾಡು, ಅವರಿಗೆ ಅದು ಪೂಜೆಯಂತೆ. ಮಕ್ಕಳಿಲ್ಲದ ದಂಪತಿ. ಹೆಂಡತಿಯನ್ನು ನಾವೆಲ್ಲ ಬಾಯಿಸಾಹೇಬ ಎನ್ನುತ್ತಿದ್ದೆವು. ಆಕೆಗೆ ಮೀನಿನ ವಾಸನೆ ಆಗದು, ಕಡಲಿನ ಸದ್ದೂ ಆಗದು. ಬೆಳಗಾವಿ ಕಡೆಯ ತಂಗಿಯರಿಂದ ಕಾಗದ ಬಂದ ದಿನ ಮಾತ್ರ ಆಕೆಯ ಮುಖ ಅರಳುತ್ತಿತ್ತು.

ಯುದ್ಧ ಮುಗಿದ ವರ್ಷ ಸಾಹೇಬರು ನನ್ನನ್ನು ಕಚೇರಿಗೆ ಕರೆದು ಬಾಗಿಲು ಹಾಕಿದರು. ಏನೋ ತಪ್ಪಾಗಿದೆ ಎಂದುಕೊಂಡೆ.

"ಗಣಪತಿ, ಬರೂ ಬ್ಯಾಸಗಿಗೆ ನಾ ರಿಟೈರ್ ಆಗ್ತೀನಿ. ಊರಿಗೆ ಹೋಗೂದಿಲ್ಲ. ಇಲ್ಲೇ ಇರತೀನಿ. ಎಲ್ಲಿ ಅಂತ ನೀ ಹೇಳಬೇಕು" ಎಂದರು.

ಜೀವನದಲ್ಲಿ ಯಾರೂ ನನಗೆ ಅಷ್ಟು ದೊಡ್ಡ ಕೆಲಸ ಕೊಟ್ಟಿರಲಿಲ್ಲ. ಆ ವರ್ಷದ ಮಳೆ ನಿಂತ ಮೇಲಿನ ರಜೆಗಳನ್ನೆಲ್ಲ ಅದಕ್ಕೇ ಸುರಿದೆ. ನಮ್ಮ ಸುತ್ತಿನ ಮೂರೂ ಕಡೆ ಇಬ್ಬರೂ ಹೋಗಿ ಗಾಳ ಹಾಕಿದೆವು. ಭಟ್ಕಳದ ಬಂಡೆಗಳ ಬುಡದಲ್ಲಿ ಮೀನಿಗೆ ಬರವಿಲ್ಲ, ಆದರೆ ಪಾಚಿಯ ಮೇಲೆ ವಯಸ್ಸಾದವರ ಕಾಲು ಜಾರಿದರೆ ಹುಡುಕಲು ಬಲೆಯೇ ಬೇಕು. ಬಿಟ್ಟೆವು. ಕುಮಟೆಯ ಹತ್ತಿರ ಹೊಳನಗದ್ದೆಯಲ್ಲಿ ಒಳ್ಳೆಯ ಮನೆಗಳು, ಗದ್ದೆ, ಸಿಹಿನೀರಿನ ಬಾವಿ. ಆದರೆ ಅಲ್ಲಿ ಬಯಲು ದಂಡೆ, ತೆರೆ ದೂರದಲ್ಲೇ ಒಡೆಯುತ್ತದೆ, ಮೀನು ಅದರಾಚೆ. ಕಾಗಾಲದ ಕಡೆ ಅಘನಾಶಿನಿಯ ಹಿನ್ನೀರು ಚೆಂದ. ಇಳಿತಕ್ಕೆ ಮಾತ್ರ ಮೊಣಕಾಲುದ್ದ ಕೆಸರು ಬಿಟ್ಟು ನೀರು ಅಷ್ಟು ದೂರ ಸರಿಯುತ್ತದೆ. ಸಾಹೇಬರು ಅಲ್ಲಿ ಒಂದು ಚಪ್ಪಲಿ ಕಳೆದುಕೊಂಡು ಎರಡು ಏಡಿ ಹಿಡಿದರು. ನಾವು ನಕ್ಕು ಅದನ್ನೂ ಹೊಡೆದುಹಾಕಿದೆವು. ಕಡಲು ನಿಧಾನಕ್ಕೆ ಆಳವಾಗುವ ಜಾಗ, ಕೆಸರು ಬಂದು ಕೂರುವ ಜಾಗ ನಮಗೆ ನಗೆಪಾಟಲಾಗಿ ಕಂಡಿತು.

ಉಳಿದದ್ದು ಹೊನ್ನಾವರ. ಶರಾವತಿಯ ಅಳಿವೆಯ ದಕ್ಷಿಣ ದಂಡೆಯಲ್ಲಿ, ಕಾಸರಕೋಡಿನ ಕಡೆ, ಹೊಳೆ ಸ್ವಲ್ಪ ಬಾಗುವ ಒಂದು ಜಾಗ. ಗಟ್ಟಿ ನೆಲ, ನಾಲ್ಕು ತೆಂಗು, ಒಂದು ಹಳೆಯ ಹೊನ್ನೆಮರ. ದಂಡೆಯಿಂದ ಒಂದು ದೋಣಿಯ ಉದ್ದಕ್ಕೆ ಗುಂಡು ಬಿಟ್ಟರೆ ಎರಡು ಮಾರು ಆಳ. ಇಳಿತದಲ್ಲೂ ನೀರು ದಂಡೆ ಬಿಟ್ಟು ಹೋಗುವುದಿಲ್ಲ. ಅಲ್ಲಿ ಸಾಹೇಬರಿಗೆ ಮೊದಲ ಕೆಂಬೇರಿ ಸಿಕ್ಕಿತು, ಒಂದು ಕೈಯಲ್ಲಿ ಎತ್ತಲಾಗದಷ್ಟು ದೊಡ್ಡದು, ತಾಮ್ರದ ಕೊಡದ ಬಣ್ಣ. ಅರ್ಧ ಗಂಟೆ ಎಳೆದಾಡಿ ಮೇಲೆ ತಂದು, ಮರಳಲ್ಲಿ ಕೂತು ಚಿಕ್ಕ ಹುಡುಗನ ಹಾಗೆ ಅತ್ತರು. ಆಮೇಲೆ ಅವರು ಬೇರೆ ಜಾಗದ ಹೆಸರೇ ಎತ್ತಲಿಲ್ಲ.

ಈಗ ಕೇಳಿ, ನನ್ನ ತಪ್ಪು ಯಾವುದು ಎಂದು. ಕೆಂಬೇರಿ ಬಯಲಲ್ಲಿ ನಿಲ್ಲುವ ಮೀನಲ್ಲ. "ಅದ್ಕೆ ಮಾಡು ಬೇಕು" ಎನ್ನುತ್ತಿದ್ದರು ದೇವು ತಾಂಡೇಲರು. ಮಾಡು ಅಂದರೆ ಸೂರು. ನೀರಿನೊಳಗೆ ಬಂಡೆಯ ಗವಿಯೋ ಮುಳುಗಿದ ಮರವೋ ಇದ್ದು, ಅದರ ಅಡಿಯಲ್ಲಿ ನಿಂತು ಹೊಂಚು ಹಾಕುವ ಮೀನು. ಆ ಬಾಗಿನಲ್ಲಿ ಬಂಡೆ ಇರಲಿಲ್ಲ, ಮರ ಮುಳುಗಿರಲಿಲ್ಲ. ಹಾಗಾದರೆ ಕೆಂಬೇರಿಗೆ ಮಾಡು ಯಾವುದು? ದಂಡೆಯೇ. ಹೊಳೆ ದಂಡೆಯನ್ನು ಅಡಿಯಿಂದ ತಿಂದು ಟೊಳ್ಳು ಮಾಡಿತ್ತು, ಮೀನು ಆ ಟೊಳ್ಳಿನಲ್ಲಿ ವಾಸವಾಗಿತ್ತು. ದಂಡೆಗೆ ಹತ್ತಿರ ಆಳ ಇದ್ದರೆ ಮೀನು ಹತ್ತಿರ ಬರುತ್ತದೆ. ದಂಡೆಗೆ ಹತ್ತಿರ ಆಳ ಬರುವುದು ಹೊಳೆ ದಂಡೆಯನ್ನು ತಿನ್ನುವುದರಿಂದ. ಎರಡನ್ನೂ ಬಲ್ಲವನು ಆ ಕಚೇರಿಯಲ್ಲಿ ನಾನೊಬ್ಬನೇ. ಮೀನುಗಾರನ ಮಗನಾಗಿ ಮೊದಲನೆಯದನ್ನು ನೋಡಿ ಕುಣಿದೆ, ಸಂಬಳ ಪಡೆದ ಅಳತೆಗಾರನಾಗಿ ಎರಡನೆಯದನ್ನು ನೋಡಲಿಲ್ಲ. ಗುಂಡು ಬಿಟ್ಟ ದಿನ ಅದಕ್ಕೆ ಕೊಬ್ಬು ಮೆತ್ತಿಯೇ ಇರಲಿಲ್ಲ. ರಜೆಯ ದಿನವಲ್ಲವೇ, ಎಷ್ಟು ಎಂದು ಗೊತ್ತಾದರೆ ಸಾಕಿತ್ತು. ದೇವು ತಾಂಡೇಲರು ಆ ಹೊತ್ತಿಗೆ ತೀರಿಕೊಂಡು ಎರಡು ವರ್ಷವಾಗಿತ್ತು, ದೋಣಿಯಿಂದ ಇಳಿಸುವವರು ಯಾರೂ ಇರಲಿಲ್ಲ.

ಜಾಗ ನೋಡಲು ಬಾಯಿಸಾಹೇಬರನ್ನು ಕರೆದುಕೊಂಡು ಹೋದೆವು. ಹೊಳನಗದ್ದೆಯನ್ನು ಅವರು ಮೊದಲೇ ನೋಡಿ ಮೆಚ್ಚಿದ್ದರು. ಇಲ್ಲಿ ಅವರು ಹೊನ್ನೆಮರದ ಕೆಳಗೆ ನಿಂತು ಸುತ್ತ ನೋಡಿದರು. ಸಾಹೇಬರು ಗಾಳ ಬಿಚ್ಚುತ್ತಾ ಆಚೆ ಹೋದಾಗ ನನ್ನ ಹತ್ತಿರ ಬಂದರು.

"ಗಣಪತಿ, ಊರಿಗೆ ಹೋಗೂ ಆಸೆ ನಾ ಬಿಟ್ಟೀನಿ. ಆದ್ರ ಇಲ್ಲಿ ಮಾತಾಡಾಕ ಒಂದ್ ಹೆಣಮಗಳಿಲ್ಲ. ಹೊಳನಗದ್ದಿಯೊಳಗ ಮನಿ ಅದಾವ, ಮಂದಿ ಅದಾರ. ಅವರು ನನ್ನ ಮಾತು ಕೇಳೂದಿಲ್ಲ, ನಿನ್ನ ಮಾತು ಕೇಳ್ತಾರ. ನೀ ಹೊಳನಗದ್ದಿ ಛಲೋ ಅಂದ್ರ ಅವರೂ ಛಲೋ ಅಂತಾರ. ಒಂದ್ ಮಾತು ಹೇಳಪಾ."

"ನೋಡ್ವ, ಹೇಳ್ತೆ" ಎಂದೆ.

ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂಬುದನ್ನೂ ಮುಚ್ಚಿಡುವುದಿಲ್ಲ. ನನ್ನ ನೌಕರಿಯ ಠಾಣ್ಯ ಹೊನ್ನಾವರ. ಅವರು ಅಲ್ಲಿ ಮನೆ ಮಾಡಿದರೆ ರಜೆಯ ಬೆಳಗ್ಗೆಗಳು ನನಗೆ ಉಳಿಯುತ್ತಿದ್ದವು. ನನ್ನ ಮಾತಿಗೆ ಸಾಹೇಬರಂಥವರು ಮನೆ ಕಟ್ಟುತ್ತಾರೆ ಎಂಬ ಹೆಮ್ಮೆ ಬೇರೆ. ಆ ಹೆಂಗಸಿನ ಒಂಟಿತನ ನನ್ನ ಲೆಕ್ಕಕ್ಕೇ ಬರಲಿಲ್ಲ.

ಚಿರೆಕಲ್ಲು ಬಂತು, ಹಂಚು ಬಂತು. ದಂಡೆಯಿಂದ ಮೂವತ್ತು ಹೆಜ್ಜೆ ಬಿಟ್ಟು ಅಡಿಪಾಯ ಹಾಕಿದರು. ಸಾಹೇಬರ ಇಡೀ ಜೀವಮಾನದ ಗಳಿಕೆ ಆ ಗೋಡೆಗಳಲ್ಲಿ ಏರುತ್ತಿತ್ತು. ಮಳೆಗಾಲ ಮುಗಿದ ಮೇಲಿನದಲ್ಲದೆ ಮಳೆಗೆ ಮುಂಚೆಯೂ ಪ್ರತಿ ವರ್ಷ ಒಂದು ಅಳತೆ, ಮೇ ತಿಂಗಳಲ್ಲಿ. ನಮ್ಮ ಅಳತೆಯ ಒಂದು ಸಾಲು ಸರಿಯಾಗಿ ಆ ಬಾಗಿನ ಎದುರಿಗೆ ಬರುತ್ತದೆ. ಅವತ್ತು ಮೇಸ್ತ್ರಿಗಳು ಮಾಡಿಗೆ ಹಂಚು ಹೊದಿಸುತ್ತಿದ್ದರು, ಬಾಯಿಸಾಹೇಬರು ಹೊನ್ನೆಮರದ ನೆರಳಲ್ಲಿ ಕೂತು ಅದನ್ನು ನೋಡುತ್ತಿದ್ದರು. ನಾನು ದೋಣಿಯಿಂದ ಗುಂಡು ಬಿಟ್ಟೆ. ಎರಡು ಮಾರಿನ ಗುರುತು ನೀರಿನೊಳಗೆ ಹೋಯಿತು. ಮೂರರದ್ದೂ ಹೋಯಿತು. ಭರತದ ಎತ್ತರ ಕಳೆದರೂ ಮೂರೂವರೆ. ಆರು ತಿಂಗಳಲ್ಲಿ ಒಂದೂವರೆ ಮಾರು. ಗುಂಡು ಮೇಲೆ ಬಂತು. ಕೊಬ್ಬಿನ ಮೇಲೆ ಒಂದು ಕಣ ಮರಳಿಲ್ಲ, ಜೇಡಿಯ ಗೆರೆ ಮಾತ್ರ.

ಆಗಲೇ ಕೂಗಿ ಹೇಳಬೇಕಿತ್ತು, ಮನೆ ನಿಲ್ಲಿಸಿ ಎಂದು. ಕಲ್ಲು, ಹಂಚು, ಮರ ಬಿಚ್ಚಿ ಒಳಗೆ ಒಯ್ದರೆ ಅರ್ಧವಾದರೂ ಉಳಿಯುತ್ತಿತ್ತು. ಆದರೆ ಹೇಳಿದರೆ ಮೊದಲ ಪ್ರಶ್ನೆ ಬರುತ್ತದೆ, ಆರು ತಿಂಗಳ ಹಿಂದೆ ನೀನು ಏನು ನೋಡಿದೆ ಎಂದು. ಹಗ್ಗ ಹಿಡಿದುಕೊಂಡು ನಿಂತೇ ಇದ್ದೆ. ಆಮೇಲೆ ಪುಸ್ತಕ ತೆಗೆದು, ಆ ಒಂದು ಅಂಕಿಗೆ ಭರತದ ಎತ್ತರವನ್ನು ಇದ್ದದ್ದಕ್ಕಿಂತ ಹೆಚ್ಚು ಕಳೆದು, ಎರಡು ಮಾರು ಎಂದು ಬರೆದೆ. ತಳ ಎಂಬ ಕಲಮಿನಲ್ಲಿ ಮರಳು ಎಂದು ಬರೆದೆ. ಹೊಳೆ ಮಳೆಗಾಲದಲ್ಲಿ ತಿರುಗೀತು, ಮತ್ತೆ ಮರಳು ತುಂಬೀತು, ಎಷ್ಟೋ ಕಡೆ ಹಾಗಾಗಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಮರುದಿನ ಸಾಹೇಬರು ಪುಸ್ತಕಕ್ಕೆ ಸಹಿ ಹಾಕಿದರು. ಅವರ ಸೇವೆಯ ಕೊನೆಯ ಸಹಿಗಳಲ್ಲಿ ಅದೂ ಒಂದು. ಆ ಅಂಕಿಯ ಮೇಲೆ ಬೆರಳಿಟ್ಟು, "ನಮ್ಮ ಮನಿ ಮುಂದಿನ ಅಳತಿ" ಎಂದು ನಕ್ಕರು.

ಆ ಮಳೆಗಾಲ ಏನೂ ಆಗಲಿಲ್ಲ. ಪ್ರತಿ ಬೆಳಗ್ಗೆ ದಂಡೆಯ ಕಡೆ ನೋಡಿ ಉಸಿರು ಬಿಡುತ್ತಿದ್ದೆ. ಮಳೆ ನಿಂತ ಮೇಲೆ ಅಳತೆಗೆ ಹೋದಾಗ ಆ ಸಾಲನ್ನೇ ಬಿಟ್ಟೆ. ಹೊಸ ಸಾಹೇಬರಿಗೆ ಒಂದು ಸಾಲು ಕಡಿಮೆ ಎಂದು ಗೊತ್ತಾಗುವಷ್ಟು ಅನುಭವ ಇರಲಿಲ್ಲ. ಆ ವರ್ಷ ನಾವು ಹಿಡಿದ ಮೀನಿನಷ್ಟು ನನ್ನ ಅಪ್ಪ ಗಾಳದಲ್ಲಿ ಹಿಡಿದಿರಲಾರರು. ಜಾಧವ ಸಾಹೇಬರ ಮೈ ಕಪ್ಪಾಯಿತು, ಮೀಸೆ ಬೆಳ್ಳಗಾಯಿತು. ಪ್ರತಿ ಸಲ ದೊಡ್ಡ ಕೆಂಬೇರಿ ಮೇಲೆ ಬಂದಾಗಲೂ ಅವರು ನಗುತ್ತಿದ್ದರು, ನಾನು ದಂಡೆಯ ಅಂಚು ನೋಡುತ್ತಿದ್ದೆ.

ಮುಂದಿನ ಜುಲೈಯಲ್ಲಿ ಘಟ್ಟದ ಮೇಲೆ ನಾಲ್ಕು ದಿನ ಬಿಡದೆ ಮಳೆ ಹೊಡೆಯಿತು. ಐದನೆಯ ಬೆಳಗ್ಗೆ ಮಳೆ ನಿಂತು ಬಿಸಿಲು ಬಂತು. ಹೊಳೆ ಕೆಂಪಾಗಿ ತುಂಬಿ, ಇಳಿತದ ಸೆಳೆತವೂ ಸೇರಿ ಕಡಲಿಗೆ ನುಗ್ಗುತ್ತಿತ್ತು. ಒಂಬತ್ತು ಗಂಟೆಗೆ ಆ ದಂಡೆಯಿಂದ ಜನ ಕೂಗುವುದು ಕೇಳಿಸಿತು. ನಾನು ದೋಣಿಯಲ್ಲಿ ಹೊಳೆ ದಾಟಿ ಹೋಗುವಷ್ಟರಲ್ಲಿ ಹೊನ್ನೆಮರ ಇರಲಿಲ್ಲ. ಮೂವತ್ತು ಹೆಜ್ಜೆಯಲ್ಲಿ ಇಪ್ಪತ್ತು ಹೋಗಿತ್ತು. ನಮ್ಮ ಕೇರಿಯವರು ಪಾತ್ರೆ, ಟ್ರಂಕು, ಅಕ್ಕಿ ಮುಡಿ ಹೊತ್ತು ಹೊರಗೆ ತರುತ್ತಿದ್ದರು. ಸಾಹೇಬರೂ ಬಾಯಿಸಾಹೇಬರೂ ಹಿಂದಿನ ದಿಬ್ಬದ ಮೇಲೆ ನಿಂತಿದ್ದರು. ನೆಲ ಸಿಡಿಯಲಿಲ್ಲ, ಸದ್ದೂ ದೊಡ್ಡದಾಗಿ ಬರಲಿಲ್ಲ. ತುಂಡು ತುಂಡಾಗಿ ಕೂತುಕೊಂಡು ನೀರಿಗೆ ಸೇರಿತು. ಮೊದಲು ಜಗಲಿ, ಆಮೇಲೆ ಎದುರಿನ ಗೋಡೆ, ಆಮೇಲೆ ಮಾಡು ಮುಂದಕ್ಕೆ ಬಾಗಿ ಹಂಚೆಲ್ಲ ಒಟ್ಟಿಗೆ ಜಾರಿತು. ಮಧ್ಯಾಹ್ನದ ಹೊತ್ತಿಗೆ ಅಡಿಗೆಮನೆಯ ಒಂದು ಮೂಲೆ ಉಳಿದಿತ್ತು, ಸಂಜೆಗೆ ಅದೂ ಇಲ್ಲ.

ಸಾಹೇಬರು ನನ್ನ ಹೆಗಲ ಮೇಲೆ ಕೈ ಇಟ್ಟಿದ್ದರು. ಹೊಳೆ ನೋಡುತ್ತಲೇ ಕೇಳಿದರು. "ಈಗ ಅಲ್ಲಿ ಎಷ್ಟು ಮಾರು ಇದ್ದೀತೋ ಗಣಪತಿ?"

ನಾನು ಬಗ್ಗಿ ಅವರ ಟ್ರಂಕನ್ನು ಹೆಗಲಿಗೇರಿಸಿದೆ.

ಹೊನ್ನಾವರದ ಪೇಟೆಯಲ್ಲಿ ಒಂದು ಮಳಿಗೆಯ ಹಿಂದೆ ಒಂದೇ ಕೋಣೆ ಹಿಡಿದರು. ಆಗಸ್ಟಿನಲ್ಲಿ ಸ್ವಾತಂತ್ರ್ಯ ಬಂದು ಕಚೇರಿಯ ಮುಂದೆ ಬಾವುಟ ಏರಿಸುವಾಗ ಯಾರದೋ ಕೋಟು ಎರವಲು ಪಡೆದು ಬಂದು ಹಿಂದಿನ ಸಾಲಿನಲ್ಲಿ ನಿಂತರು. ತೋಳು ಮೊಣಕೈವರೆಗೆ ಮಾತ್ರ ಬರುತ್ತಿತ್ತು. ಎಲ್ಲರೂ ಜಯಕಾರ ಹಾಕುತ್ತಿದ್ದರು, ನನಗೆ ಆ ತೋಳು ಬಿಟ್ಟು ಬೇರೇನೂ ಕಾಣಲಿಲ್ಲ.

ದಂಡೆ ಹೋದದ್ದರ ಬಗ್ಗೆ ಮೇಲಿನಿಂದ ವಿಚಾರಣೆ ಬಂತು. ಕೊರೆತದ ಸೂಚನೆ ಅಳತೆ ಪುಸ್ತಕದಲ್ಲಿ ಯಾಕಿಲ್ಲ ಎಂದು ಹೊಸ ಸಾಹೇಬರು ನನ್ನನ್ನು ಎದುರು ನಿಲ್ಲಿಸಿ ಕೇಳುತ್ತಿದ್ದರು. ಅಷ್ಟರಲ್ಲಿ ಜಾಧವ ಸಾಹೇಬರು ಕೋಲೂರಿಕೊಂಡು ಕಚೇರಿಗೆ ಬಂದರು. ಯಾರೂ ಕರೆದಿರಲಿಲ್ಲ. ಮೇ ತಿಂಗಳ ಪುಟ ತೆಗೆಸಿ ತಮ್ಮ ಸಹಿ ತೋರಿಸಿದರು. "ಎರಡು ಮಾರು, ಮರಳು. ಇದರ ಕೆಳಗ ನನ್ನ ಸಹಿ ಐತಿ. ಅಳದಾಂವ ಇವನು, ನೋಡಿದಾಂವ ನಾ. ಹೊಳಿ ಒಂದs ಮಳಿಗಾಲದಾಗ ತಿರಿಗಿದ್ರ ಇಂವ ಏನ್ ಮಾಡ್ತಾನ್ರೀ? ಇವನಂಥ ಅಳತೆಗಾರ ನಿಮಗ ಸಿಗೂದಿಲ್ಲ" ಎಂದರು. ವಿಚಾರಣೆ ಅಲ್ಲಿಗೇ ನಿಂತಿತು. ಆ ಮಾತನ್ನು ಕಡತದಲ್ಲಿ ಬರೆದುಕೊಂಡರು, ಮುಂದಿನ ವರ್ಷ ನನಗೆ ಬಡ್ತಿ ಬಂದದ್ದು ಆ ಮಾತಿನ ಮೇಲೆ. ಬಡ್ತಿಯ ಬಗ್ಗೆ ಬರೆಯುವುದಿಲ್ಲ ಎಂದಿದ್ದೆ. ಇದೊಂದನ್ನು ಬಿಡಲು ಆಗಲಿಲ್ಲ.

ಈಗಿನ ನಿಮ್ಮ ಕೆಲಸ ಬೇರೆ ಎಂದು ಗೊತ್ತು. ದೋಣಿಯ ಅಡಿಗೆ ಯಂತ್ರ ಕೂರಿಸಿ, ಅದು ತಳಕ್ಕೆ ಸದ್ದು ಕಳಿಸಿ ತಾನೇ ಕಾಗದದ ಮೇಲೆ ಗೆರೆ ಎಳೆಯುತ್ತದೆ. ಅದು ಬಂದ ವರ್ಷ ನಾನೂ ಅದರ ಮುಂದೆ ಕೂತಿದ್ದೆ. ಚೆನ್ನಾಗಿದೆ, ಬೇಗ ಆಗುತ್ತದೆ, ಕೈ ಒದ್ದೆಯಾಗುವುದಿಲ್ಲ. ತಳ ಎಂಥದ್ದು ಎಂದು ಮಾತ್ರ ಅದು ನಮ್ಮ ಕೊಬ್ಬಿನಷ್ಟು ಬಿಡಿಸಿ ಹೇಳಲಿಲ್ಲ. ಆದರೆ ಯಂತ್ರಕ್ಕೆ ಸಿಕ್ಕಿಬೀಳುವ ಭಯವಿಲ್ಲ, ಮೆಚ್ಚಿಸಬೇಕಾದ ಸಾಹೇಬರಿಲ್ಲ. ನನ್ನಂಥವನ ಕೈಗಿಂತ ಅದೇ ವಾಸಿ ಎಂದು ಒಪ್ಪಿಕೊಂಡಿದ್ದೇನೆ.

ಜಾಧವ ಸಾಹೇಬರು ಆಮೇಲೆ ಗಾಳ ಮುಟ್ಟಲಿಲ್ಲ. ನಾನು ವಾರಕ್ಕೊಮ್ಮೆ ಹೋಗುತ್ತಿದ್ದೆ, ಪ್ರತಿ ಸಲವೂ ಹೇಳಿಬಿಡಬೇಕೆಂದು ಹೋಗುತ್ತಿದ್ದೆ. ಅವರು ನನ್ನ ಮಕ್ಕಳ ಬಗ್ಗೆ ಕೇಳುತ್ತಿದ್ದರು, ನಾನು ಅದಕ್ಕೆ ಉತ್ತರ ಹೇಳಿ ಬರುತ್ತಿದ್ದೆ. ಮರುವರ್ಷದ ಚಳಿಯಲ್ಲಿ ಎದೆಗೆ ಕಫ ಕಟ್ಟಿ ಮಲಗಿದರು, ಹದಿನೈದು ದಿನಕ್ಕೆ ಹೋದರು. ಹೊತ್ತ ನಾಲ್ವರಲ್ಲಿ ನಾನೂ ಒಬ್ಬ.

ಬಾಯಿಸಾಹೇಬರನ್ನು ಕರೆದೊಯ್ಯಲು ತಂಗಿಯ ಮಗ ಬರುತ್ತಾನೆಂದು ಕಾಗದ ಬಂತು, ಅವರು ಕಾಯಲಿಲ್ಲ. ಒಂದೇ ಟ್ರಂಕು. ನಾನು ಅದನ್ನು ಹೊತ್ತು ಬಸ್ಸು ನಿಲ್ಲುವಲ್ಲಿಗೆ ಹೋದೆ. ಕುಮಟೆಗೆ ಹೋಗಿ ಅಲ್ಲಿಂದ ಘಟ್ಟ ಹತ್ತುವ ಬಸ್ಸು ಹಿಡಿಯಬೇಕು. ಬಸ್ಸು ತಡ. ಒಂದು ಗೂಡಂಗಡಿಯ ಬೆಂಚಿನ ಮೇಲೆ ಅವರು ಕೂತಿದ್ದರು, ನಾನು ನಿಂತಿದ್ದೆ. ಮುಖ ನೋಡದೆ ಮಾತು ತೆಗೆದರು.

"ಅವರು ಇರೂತನ ಕೇಳಬಾರದು ಅಂತ ಸುಮ್ಮನಿದ್ದೆ. ಹಂಚು ಹೊಚ್ಚೂ ದಿನ ನೀ ದೋಣಿಯೊಳಗ ಹಗ್ಗಾ ಹಿಡಕೊಂಡು ಬಾಳ ಹೊತ್ತು ನಿಂತಿದ್ದಿ. ನಾ ಗಿಡದ ಬುಡಕ ಕೂತು ನೋಡಾಕತ್ತಿದ್ದೆ. ಆಮ್ಯಾಲ ನಮ್ಮ ಕಡೆ ಬರಲಾರದs ಹ್ವಾದಿ. ಅವತ್ತs ನಿನಗ ಗೊತ್ತಾಗಿತ್ತೇನಪಾ?"

ಎರಡೂವರೆ ವರ್ಷ ಹೇಳಬೇಕೆಂದು ಕಾದ ಮಾತು, ಈಗ ಕೇಳುವವರೇ ಕೇಳುತ್ತಿದ್ದರು. ಹೌದು ಎಂಬ ಒಂದು ಮಾತು ಸಾಕಿತ್ತು. ಬಸ್ಸಿನ ಹಾರ್ನು ದೂರದಲ್ಲಿ ಕೇಳಿಸಿತು.

"ಇಲ್ಲ ಬಾಯಿಸಾಹೇಬ. ನಂಗೆಂತಾ ಗೊತ್ತಿರಲಿಲ್ಲ" ಎಂದೆ.

ಬಸ್ಸು ಬಂದು ನಿಂತಿತು. ನಾನು ಟ್ರಂಕು ಮೇಲೆ ಹಾಕಿಸಿ ಬಂದೆ. ಅವರು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದರು. ಕಣ್ಣು ತುಂಬಿತ್ತು.

"ನಾ ಇಷ್ಟು ದಿನಾ ನಿನ್ನ ಮ್ಯಾಲ ಸಂಶೇ ಪಟ್ಟೆ. ಮನಸಿನಾಗ ನಿನಗ ಶಾಪಾನೂ ಹಾಕಿದೆ. ಅವರು ಸಾಯೂ ಮುಂದೂ ಗಣಪತಿ ದೇವರಂಥಾಂವ ಅಂತಿದ್ರು, ನಾ ನಂಬಲಿಲ್ಲ. ತಪ್ಪಾತು. ಹೊಟ್ಯಾಗ ಹಾಕ್ಕೋಪಾ" ಎಂದು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ನನಗೆ ಕೈ ಮುಗಿದರು.

ನಾನು ಆ ಕೈಗಳನ್ನು ತಡೆಯಲಿಲ್ಲ. "ಇರ್ಲಿ ಬಿಡಿ" ಎಂದೆ.